ಸಂಜೆಯವರೆಗೂ ನಿಲ್ಲುವ ಸೆಂಟು

ಬೀದಿಯವರೆಲ್ಲ ಅವಳನ್ನು ಸೆಂಟಕ್ಕ ಎನ್ನುತ್ತಿದ್ದರು. ಅವಳು ಹಾದುಹೋದ ಎಷ್ಟೋ ಹೊತ್ತಿನ ಮೇಲೂ ಮೆಟ್ಟಿಲ ಮೇಲೆ ಯಾವುದಾದರೊಂದು ಪರಿಮಳ ಉಳಿದಿರುತ್ತಿತ್ತು, ಅದಕ್ಕೆ ಆ ಹೆಸರು. ಅಣ್ಣನೊಬ್ಬ ಮಾತ್ರ, ತಂಗಿಯ ಕಿವಿಯ ಪಕ್ಕದ ಕೂದಲು ಬೆಳ್ಳಗಾದ ಮೇಲೂ, ಪುಟ್ಟಿ ಎಂದೇ ಕರೆಯುತ್ತಿದ್ದ. ಮದುವೆಯ ಗೊಡವೆಗೇ ಹೋಗದ ಅಣ್ಣ, ಗಂಡನ ಮನೆ ಬಿಟ್ಟು ಬಂದ ತಂಗಿ, ಎರಡು ಕೋಣೆ, ಬೀದಿಗೆ ತೆರೆಯುವ ಒಂದು ಕಿಟಕಿ. ಸಂಸಾರವೆಂದರೆ ಇಷ್ಟೇ.

ಅವಳು ಕೆಲಸಕ್ಕಿದ್ದ ಸೆಂಟಿನ ಅಂಗಡಿ ಎಂದರೆ ಗಾಜಿನ ಬಾಗಿಲು, ತಣ್ಣನೆ ಗಾಳಿ ಎಂದೆಲ್ಲ ಅಂದುಕೊಳ್ಳಬೇಡಿ. ಇಬ್ಬರು ಗಿರಾಕಿಗಳು ಒಳಗೆ ಬಂದರೆ ಮೂರನೆಯವರು ಬೀದಿಯಲ್ಲೇ ಕಾಯಬೇಕು, ಅಷ್ಟು ಇಕ್ಕಟ್ಟು. ದೊಡ್ಡ ಸೀಸೆಯಿಂದ ಪುಟ್ಟ ಸೀಸೆಗಳಿಗೆ ತುಂಬುವುದು, ಬಂದವರ ಮಣಿಕಟ್ಟಿಗೆ ಹಚ್ಚಿ ತೋರಿಸುವುದು, ಹೊಸ ಬೆರಕೆ ಕೂಡಿಸುವುದು, ಎಲ್ಲ ಅವಳದೇ. ಮಾಲೀಕನಿಗೆ ಗಲ್ಲಾಪೆಟ್ಟಿಗೆಯ ವಾಸನೆ ಬಿಟ್ಟರೆ ಬೇರೆ ವಾಸನೆ ಗೊತ್ತಿರಲಿಲ್ಲ. ಅದನ್ನು ಅವನೇ ನಗುತ್ತ ಒಪ್ಪಿಕೊಳ್ಳುತ್ತಿದ್ದ.

ಬೇಸಿಗೆ ಬಂತೆಂದರೆ ಎಲ್ಲರೂ ಕೇಳುವುದು ಬೇಸಿಗೆ ಸೆಂಟು. ನಿಂಬೆ ಸಿಪ್ಪೆ, ಪುದೀನ, ಹಿಂದೆ ಒಂದಿಷ್ಟು ಲಾವಂಚ. ಹಚ್ಚಿದ ಕೂಡಲೇ ಮುಖಕ್ಕೆ ತಣ್ಣೀರು ಎರಚಿದ ಹಾಗೆ ಹಿತವಾಗುತ್ತದೆ. ಬೆಲೆ ಯಾರ ಜೇಬಿಗೂ ಭಾರವಲ್ಲ. ತೊಂದರೆ ಒಂದೇ, ಅದು ನಿಲ್ಲುವುದಿಲ್ಲ. ನಿಂಬೆ ಬಲು ಚಂಚಲ, ಮಧ್ಯಾಹ್ನದ ಊಟಕ್ಕೆ ಕೈ ತೊಳೆಯುವಷ್ಟರಲ್ಲಿ ಮೈಬಿಟ್ಟು ಹೋಗಿರುತ್ತದೆ. ಕಡಿಮೆ ದುಡ್ಡಿನ ಬೇಸಿಗೆ ಸೆಂಟನ್ನು ಸಂಜೆಯವರೆಗೆ ನಿಲ್ಲಿಸಬೇಕು ಎಂಬುದು ಸೆಂಟಕ್ಕನ ಬಹುಕಾಲದ ಹಟ.

ಸೆಂಟನ್ನು ಕಾಗದದ ಪಟ್ಟಿಗೆ ಹಚ್ಚಿ ಮೂಸುವವರನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. "ಸೆಂಟು ಹಾಕ್ಕೊಳ್ಳೋದು ಮನುಷ್ಯರಾ, ಕಾಗದಾನಾ?" ಎನ್ನುತ್ತಿದ್ದಳು. ಬೆಳಗ್ಗೆ ಮೈಗೆ ಹಚ್ಚಿ, ಬೆವರು, ಬಸ್ಸು, ಒಲೆಯ ಮುಂದಿನ ಬಿಸಿ ಎಲ್ಲವನ್ನೂ ದಾಟಿಸಿ, ಸಂಜೆ ಏನು ಉಳಿದಿದೆ ಎಂದು ನೋಡುವುದು ಅವಳ ಪರೀಕ್ಷೆ. ತನ್ನ ಮೈ ಸಾಲದೆ ಅಣ್ಣನನ್ನೂ ಕಾಡುತ್ತಿದ್ದಳು. ಅವನು ಹತ್ತಿರ ಸೇರಿಸುತ್ತಿರಲಿಲ್ಲ. "ನಾನು ಬ್ಯಾಂಕಿನ ಬಾಗಿಲು ಕಾಯೋನು ಪುಟ್ಟಿ, ಮದುಮಗ ಅಲ್ಲ."

ಅಣ್ಣ ಬ್ಯಾಂಕಿನ ಕಾವಲುಗಾರ. ದಿನವಿಡೀ ಕರಿ ಬೂಟು ಹಾಕಿಕೊಂಡು ನಿಂತಿರಬೇಕು. ಅವನಿಗೆ ಸಕ್ಕರೆ ಕಾಯಿಲೆ ಇತ್ತು, ಅಪ್ಪನಿಂದ ಬಂದದ್ದು. ಅಪ್ಪನಿಗೆ ಅದೇ ಕಾಯಿಲೆಯಲ್ಲಿ ಕಾಲ್ಬೆರಳಿನ ಗಾಯವೊಂದು ಮಾಯದೆ, ಮೊದಲು ಪಾದ ಹೋಗಿ, ಆಮೇಲೆ ಮೊಣಕಾಲು ಹೋಗಿ, ಕೊನೆಗೆ ಜೀವವೇ ಹೋಗಿತ್ತು. ಆಗ ಪುಟ್ಟಿ ಸಣ್ಣವಳು, ಅವಳನ್ನು ಚಿಕ್ಕಮ್ಮನ ಮನೆಗೆ ಕಳಿಸಿದ್ದರು. ಅಪ್ಪನ ಹಾಸಿಗೆಯ ಪಕ್ಕ ಕೂತು ಗಾಯ ತೊಳೆದವನು ಅಣ್ಣ. ಆ ಮಾತು ತೆಗೆದಾಗಲೆಲ್ಲ ಅವನು ಒಂದೇ ಹೇಳುತ್ತಿದ್ದ. "ನನ್ನ ಮಾತ್ರ ಹಾಗೆ ತುಂಡು ತುಂಡಾಗಿ ಕಳಿಸೋಕೆ ಬಿಡಲ್ಲ. ಹೋದ್ರೆ ಇಡಿಯಾಗಿ ಹೋಗ್ತೀನಿ."

ಅಂಥವನು ಆ ಬೇಸಿಗೆಯ ಮೊದಲಲ್ಲಿ ತಾನಾಗಿ ಬಾಯಿಬಿಟ್ಟು ಕೇಳಿದ.

"ಪುಟ್ಟಿ, ನಿನ್ನ ಆ ನಿಂಬೆ ಸೆಂಟು ಒಂದು ಸೀಸೆ ತಂದ್ಕೊಡ್ತೀಯಾ? ಸೆಕೆಗೆ ಮೈಯೆಲ್ಲಾ ನಾರತ್ತೆ."

ಅವಳ ಸಂಭ್ರಮ ಹೇಳತೀರದು. ಎರಡು ಸೀಸೆ ತಂದಳು. ಅವು ಮುಗಿದವು, ಇನ್ನಷ್ಟು ತಂದಳು. ಇವನು ಸೆಂಟಿನಲ್ಲಿ ಸ್ನಾನ ಮಾಡುತ್ತಾನೋ ಏನೋ ಎಂದು ನಕ್ಕಳು. ತನ್ನ ಕಾಲುಚೀಲವನ್ನು ಅವನೇ ಒಗೆದು ಹಾಕುತ್ತಿದ್ದ. ವಯಸ್ಸಾದ ಮೇಲಾದರೂ ಬುದ್ಧಿ ಬಂತಲ್ಲ ಎಂದುಕೊಂಡಳು. ಮನೆಗೆ ಬಂದ ಮೇಲೂ ಬೂಟು ಬಿಚ್ಚದೆ ಕುರ್ಚಿಯಲ್ಲಿ ಕೂತಿರುತ್ತಿದ್ದ. ದಣಿದಿದ್ದಾನೆ ಎಂದುಕೊಂಡಳು. ಇಷ್ಟೆಲ್ಲ ಅವಳ ಕಣ್ಣೆದುರೇ ಇತ್ತು. ಆದರೆ ಅವಳು ಕಣ್ಣನ್ನು ನಂಬಿದವಳಲ್ಲ, ಮೂಗನ್ನು ನಂಬಿದವಳು.

ಮೂಗು ಹೇಳಿದ್ದು ಬೇರೆಯದೇ. ಒಂದು ಸಂಜೆ ಅಣ್ಣ ಪಕ್ಕದಲ್ಲಿ ಹಾದುಹೋದಾಗ ಅವಳು ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು. ನಿಂಬೆ ಹೋಗಿತ್ತು, ಪುದೀನವೂ ಹೋಗಿತ್ತು. ಆದರೆ ಅವುಗಳ ಹಿಂದೆ ಸಿಹಿಯಾದ, ದಪ್ಪನೆಯ ಒಂದು ಪರಿಮಳ ಉಳಿದಿತ್ತು. ಬುಟ್ಟಿಯ ಅಡಿಯಲ್ಲಿ ತೀರಾ ಮಾಗಿದ ದ್ರಾಕ್ಷಿಯ ಹಾಗೆ. ಹೊತ್ತು ಮುಳುಗಿದರೂ ಅದು ನಿಂತಿತ್ತು.

"ಅಣ್ಣ, ಕೈ ಕೊಡು ನೋಡೋಣ."

ಅವನು ಕೊಟ್ಟ. ಮಣಿಕಟ್ಟಿನಲ್ಲಿ ಏನೂ ಇರಲಿಲ್ಲ. ಅಲ್ಲಿಗಾದರೂ ಅವಳಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಬಟ್ಟೆಗೆ ಹಿಡಿದುಕೊಂಡಿರಬೇಕು, ಕೆಲವರ ಮೈಬಿಸಿಯ ಗುಣವೇ ಹಾಗೆ ಎಂದು ತಾನೇ ಕಾರಣ ಕಟ್ಟಿದಳು. ಹಟ ಹಿಡಿದವರ ಮೂಗು ತಮಗೆ ಬೇಕಾದ್ದನ್ನೇ ಮೂಸುತ್ತದೆ. ತನ್ನ ಸೆಂಟು ಕೊನೆಗೂ ಒಂದು ಮೈಯಲ್ಲಿ ಸಂಜೆಯವರೆಗೆ ನಿಂತಿತು ಎಂಬ ಹಿಗ್ಗು ಅವಳ ತಲೆಗೇರಿತ್ತು.

ಮರುದಿನದಿಂದ ಅಂಗಡಿಯಲ್ಲಿ ಅವಳದು ಒಂದೇ ಧ್ಯಾನ. ಅಣ್ಣನ ಮೈಯಲ್ಲಿ ತಾನಾಗಿ ಹುಟ್ಟಿದ ಆ ಸಿಹಿಯನ್ನು ಸೀಸೆಯೊಳಗೇ ಕೂಡಿಸಬೇಕು, ಎಲ್ಲರ ಮೈಯಲ್ಲೂ ನಿಲ್ಲುವಂತೆ ಮಾಡಬೇಕು. ದ್ರಾಕ್ಷಿಯ ಸಾರ ಹನಿಸಿದಳು, ಸಾಲಲಿಲ್ಲ. ಜೇನಿನ ವಾಸನೆಯದು ಬೆರೆಸಿದಳು, ಹತ್ತಿರ ಬಂತು. ಸಂಜೆ ಮನೆಗೆ ಬಂದು ಅಣ್ಣನ ಕುರ್ಚಿಯ ಸುತ್ತ ಸುಳಿದಾಡಿ ತನ್ನ ಕೈಯನ್ನೂ ಅಲ್ಲಿನ ಗಾಳಿಯನ್ನೂ ಹೋಲಿಸುತ್ತಿದ್ದಳು. ಅಣ್ಣ ಪೇಪರಿನ ಮರೆಯಲ್ಲಿ ಮುಖ ಇಟ್ಟುಕೊಂಡು ಅಲುಗದೆ ಕೂತಿರುತ್ತಿದ್ದ. ಒಂದು ದಿನ ಎರಡೂ ಒಂದೇ ಆಯಿತು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅವಳು ಅಣ್ಣನ ತಲೆ ನೇವರಿಸಿ, "ನಿನ್ನಿಂದಾನೇ ಆಗಿದ್ದು ಕಣೋ" ಎಂದಳು. ಅವನು ಬೂಟುಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡ.

ಹೊಸ ಸೆಂಟು ಬಿಸಿ ದೋಸೆಯಂತೆ ಖರ್ಚಾಯಿತು ಎಂದರೆ ಸುಳ್ಳಲ್ಲ. ಟೈಪಿಸ್ಟು, ಬಸ್ಸಿನ ಕಂಡಕ್ಟರು, ಶಾಲೆಯ ಟೀಚರು, ಎಲ್ಲರ ಮೈಮೇಲೂ ಅದೇ. ಸಂಜೆ ಬೀದಿಯಲ್ಲಿ ನಡೆದರೆ ಅವಳ ಎದೆ ಉಬ್ಬುತ್ತಿತ್ತು.

ಆಗ ಬಂದವಳು ದೊಡ್ಡಾಸ್ಪತ್ರೆಯ ಆಯಾ. ಬೆಳಗ್ಗೆ ಕೆಲಸಕ್ಕೆ ಹೋಗುವಾಗ ಮಣಿಕಟ್ಟಿಗೆ ಹಚ್ಚಿಸಿಕೊಂಡು ಹೋಗಿ, ಸಂಜೆ ಮರಳಿ ಬಂದು ಗಲ್ಲಾದ ಮುಂದೆ ಮುಖ ಸಿಂಡರಿಸಿ ನಿಂತಳು.

"ಬೇಡ ಸೆಂಟಕ್ಕ, ನಂಗೆ ಬೇರೆ ಏನಾದ್ರೂ ಕೊಡಿ."

"ಯಾಕೆ, ನಿಲ್ಲಲಿಲ್ವಾ?"

"ನಿಂತಿತು. ಅದೇ ಕಷ್ಟ. ಬೆಳಗ್ಗೆ ಚೆನ್ನಾಗಿತ್ತು. ಆಮೇಲಾಮೇಲೆ ನಮ್ಮ ವಾರ್ಡಿನ ವಾಸನೆ ಬರೋಕೆ ಶುರುವಾಯ್ತು ನೋಡಿ. ಯಾವ ಪೇಷೆಂಟಿಂದು ಅಂತ ಸುತ್ತ ಹುಡುಕಿದೆ, ನೋಡಿದ್ರೆ ನನ್ನ ಕೈಯಿಂದಾನೇ."

"ಯಾವ ವಾರ್ಡು?"

"ಸಕ್ಕರೆ ಕಾಯಿಲೆಯೋರ್ದು. ಕಾಲು ಕೊಳೆಯತ್ತಲ್ಲ, ಒಂಥರಾ ಸಿಹಿ ಸಿಹಿ ವಾಸನೆ. ಒಂದ್ಸಲ ಮೂಗಿಗೆ ಹತ್ತಿದ್ರೆ ಸಾಯೋವರೆಗೂ ಮರೆಯಲ್ಲ. ಬೇಜಾರು ಮಾಡ್ಕೋಬೇಡಿ, ತಮಾಷೆಗೆ ಅಂದೆ."

ಸೆಂಟಕ್ಕ ಲಾಳಿಕೆಯನ್ನು ಸೀಸೆಯಲ್ಲೇ ಬಿಟ್ಟು, ಚಪ್ಪಲಿಯ ಪಟ್ಟಿ ಹಾಕಿಕೊಳ್ಳುವ ವ್ಯವಧಾನವೂ ಇಲ್ಲದೆ ಮನೆಗೆ ಓಡಿದಳು. ದಾರಿಯುದ್ದಕ್ಕೂ ಎದುರಿಗೆ ಬಂದವರ ಮೈಯಿಂದ ಅದೇ ವಾಸನೆ ಬರುತ್ತಿತ್ತು.

ಅಣ್ಣ ಕುರ್ಚಿಯಲ್ಲಿದ್ದ. ಬೂಟು ಕಾಲಲ್ಲೇ ಇತ್ತು.

"ಬೂಟು ಬಿಚ್ಚು."

"ಈಗ್ಲೇ ಯಾಕೆ, ಆಮೇಲೆ ಬಿಚ್ತೀನಿ."

"ಅಣ್ಣ, ಬಿಚ್ಚು."

ಅವನು ಅವಳ ಮುಖ ನೋಡಿದ. ನೋಡಿದ ಮೇಲೆ ಸುಳ್ಳು ಹೇಳುವ ಗೋಜಿಗೆ ಹೋಗಲಿಲ್ಲ. "ಊರಿಗೆಲ್ಲ ಗೊತ್ತಾದ್ರೂ ಪರವಾಗಿಲ್ಲ, ನಿನ್ನ ಮೂಗಿಗೆ ಮಾತ್ರ ಗೊತ್ತಾಗಬಾರದು ಅಂತಾನೇ ಸೆಂಟು ಕೇಳಿದ್ದು. ನೀನು ದಿನಾ ಸಂಜೆ ಬಂದು ಮೂಸ್ತಿದ್ದೆ. ಇವತ್ತು ಹಿಡೀತಾಳೆ, ಇವತ್ತು ಹಿಡೀತಾಳೆ ಅಂತ ಕಾಯ್ತಿದ್ದೆ. ಕೊನೆಕೊನೆಗೆ ಹಿಡಿದ್ರೆ ಸಾಕು ಅನ್ನಿಸ್ತಿತ್ತು."

ಅವಳೇ ನೆಲದ ಮೇಲೆ ಕೂತು ಲೇಸು ಬಿಚ್ಚಿದಳು. ಕಾಲುಚೀಲ ಸೆಂಟಿನಿಂದ ತೊಯ್ದು ಚರ್ಮಕ್ಕೆ ಅಂಟಿಕೊಂಡಿತ್ತು. ಒಳಗಿನ ಎರಡು ಬೆರಳು ಕಪ್ಪಾಗಿದ್ದವು. ಅವಳು ಬಿಕ್ಕಿ ಬಿಕ್ಕಿ ಅತ್ತಳು. ತಾನು ಅದನ್ನು ಹೊಗಳಿದ್ದು, ಸೀಸೆಗೆ ತುಂಬಿದ್ದು ನೆನಪಾದಂತೆಲ್ಲ ಅಳು ಹೆಚ್ಚಾಯಿತು.

ಆಸ್ಪತ್ರೆಯವರು ಕಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ವಾಸನೆ ಬಂದ ಕೂಡಲೇ ಕರೆತಂದಿದ್ದರೆ ಬೆರಳಿನಲ್ಲೇ ಮುಗಿಯುತ್ತಿತ್ತು ಎಂದು ಡಾಕ್ಟರು ಹೇಳಿದರು. ಅವರು ಬೈದು ಹೇಳಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಅಂಗಡಿಗೆ ಮರಳಿದ ದಿನ ಅವಳು ಮಾಲೀಕನ ಮುಂದೆ ಕೈಮುಗಿದು, ಆ ಸೆಂಟು ನಿಲ್ಲಿಸಿ ಎಂದು ಕೇಳಿಕೊಂಡಳು. ಅವನು ಅವಳಿಗೆ ತಲೆ ಕೆಟ್ಟಿದೆ ಎಂಬಂತೆ ನೋಡಿದ. "ಇಷ್ಟು ಚೆನ್ನಾಗಿ ಹೋಗ್ತಿರೋ ಮಾಲು ಯಾರಾದ್ರೂ ನಿಲ್ಲಿಸ್ತಾರಾ ಅಕ್ಕ? ಅಳತೆ ನಂಗೂ ಗೊತ್ತಿದೆ, ನೀವು ಮಾಡದಿದ್ರೆ ನಾನೇ ಮಾಡ್ತೀನಿ." ಅವಳು ಕೆಲಸ ಬಿಟ್ಟಳು. ಸೆಂಟು ಬೀದಿ ಬಿಡಲಿಲ್ಲ.

ಈಗ ಅಣ್ಣ ಕಿಟಕಿಯ ಪಕ್ಕ ಕೂರುತ್ತಾನೆ. ಸಂಜೆ ಕೆಲಸ ಮುಗಿಸಿ ಜನ ಮನೆಗೆ ಹೊರಟಾಗ ಆ ವಾಸನೆ ಒಳಗೆ ತೂರಿ ಬರುತ್ತದೆ. "ಅಗೋ ಪುಟ್ಟಿ, ನನ್ನ ಕಾಲು ವಾಕಿಂಗ್ ಹೊರಟಿತು" ಎನ್ನುತ್ತಾನೆ. ಅವಳು ನಗುವುದಿಲ್ಲ. ದಿನವೂ ಆ ಹೊತ್ತಿಗೆ ನೆಲದ ಮೇಲೆ ಕೂತು, ಉಳಿದ ಕಾಲನ್ನು ಮಡಿಲಲ್ಲಿ ಇಟ್ಟುಕೊಂಡು, ಬೆರಳ ಸಂದು ಸಂದನ್ನೂ ಬಿಡಿಸಿ ನೋಡುತ್ತಾಳೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಆಮೇಲೆ ಬಗ್ಗಿ ಮೂಸುತ್ತಾಳೆ.

ನಿನ್ನೆ ಹಾಗೆ ಬಗ್ಗಿದವಳು ಬಗ್ಗಿದಂತೆಯೇ ಉಳಿದಳು. ಸಿಹಿಯಾದ ಎಳೆಯೊಂದು ಮೂಗಿಗೆ ತಾಗಿತ್ತು. ಬೀದಿಯಲ್ಲಿ ಯಾರೋ ಹೆಂಗಸರು ಮಾತಾಡುತ್ತ ಹೋಗುತ್ತಿದ್ದರು. ವಾಸನೆ ಅವರದೋ, ಮಡಿಲಲ್ಲಿದ್ದ ಕಾಲಿನದೋ, ಅವಳಿಗೆ ಗೊತ್ತಾಗಲಿಲ್ಲ. ಎರಡೂ ಒಂದೇ ಆಗುವವರೆಗೆ ಬೆರೆಸಿದವಳು ಅವಳೇ.

"ಏನಾಯ್ತು ಪುಟ್ಟಿ?" ಎಂದ ಅಣ್ಣ.

"ಏನಿಲ್ಲ, ಸುಮ್ನಿರು" ಎಂದು ಅವಳು ಎದ್ದು ಕಿಟಕಿ ಮುಚ್ಚಿದಳು. ಒಳಗೆ ಬಂದ ಬೀದಿಯ ವಾಸನೆ ಹೋದ ಮೇಲೂ ಅದು ಉಳಿಯುತ್ತದೋ ನೋಡಲೆಂದು ಕಾಲಿನ ಪಕ್ಕದಲ್ಲೇ ಉಸಿರು ಬಿಗಿಹಿಡಿದು ಕಾಯುತ್ತ ಕೂತಳು.