ಮುಚ್ಚಿದ ಕಣ್ಣು ತೆರೆಯುವ ಮಕ್ತುಮಬಿ

ಬೆಳಗಿನ ಆರು ಗಂಟೆ. ವಿಜಯಪುರದ ಶಹಾಪುರ ಅಗಸಿ ಬಾಗಿಲ ಹತ್ತಿರದ ಓಣಿಗೆ ಹಾಲಿನವನೂ ಇನ್ನೂ ಬಂದಿಲ್ಲ. ಮೂಡಲ ಕಿಟಕಿಯ ಗಾಜಿಗೆ ಮೂರು ಬೆರಳಗಲದ ನೆಗೆಟಿವ್ ಅಂಟಿಸಿಕೊಂಡು ಮಕ್ತುಮಬಿ ಕೂತಿದ್ದಾರೆ. ಒಂದು ಕೈಯಲ್ಲಿ ಭೂತಗನ್ನಡಿ, ಇನ್ನೊಂದರಲ್ಲಿ ಸೂಜಿಯಂತೆ ಮಸೆದ ಪೆನ್ಸಿಲ್. ನೆಗೆಟಿವ್‌ನೊಳಗಿನ ಗಂಡಸು ಗೋಡೆಗೊರಗಿ ಕೂತಿದ್ದಾನೆ. ಕೊರಳ ತುಂಬ ಹಾರ, ಹಣೆಯ ವಿಭೂತಿ ಕಪ್ಪಗೆ ಕಾಣುತ್ತದೆ, ಕಣ್ಣು ಮುಚ್ಚಿವೆ. ಆತ ತೀರಿಕೊಂಡು ಹದಿನೆಂಟು ವರ್ಷವಾಗಿದೆ.

ಈ ಸೀಮೆಯಲ್ಲಿ ಮಣ್ಣು ಮಾಡುವ ಮೊದಲು ಹೆಣವನ್ನು ಕೂರಿಸಿ ಶೃಂಗರಿಸುತ್ತಾರೆ. ಬದುಕಿದ್ದಾಗ ಫೋಟೊ ತೆಗೆಸಿಕೊಳ್ಳದವರದ್ದು ಅದೇ ಮೊದಲ ಫೋಟೊ, ಅದೇ ಕಡೆಯದು. ಕಣ್ಣು ಮುಚ್ಚಿದ ಫೋಟೊವನ್ನು ದೇವರ ಜಗುಲಿಯ ಮೇಲಿಡಲು ಯಾರಿಗೂ ಮನಸ್ಸಾಗುವುದಿಲ್ಲ. ಹಾಗಾಗಿ ಗಂಡ ಬುಡ್ಡೇಸಾಬ ಇದ್ದಾಗ ಸೈಕಲ್ ಮೇಲೆ ತಿಕೋಟಾ, ಬಬಲೇಶ್ವರ ಸುತ್ತಿ ಫೋಟೊ ತೆಗೆದು ತಂದರೆ, ಕಣ್ಣು ತೆರೆಯುವ ಕೆಲಸ ಮಕ್ತುಮಬಿಯದು. ಹೆಸರೆಲ್ಲ ಗಂಡನ ಪಾಲಿಗೆ ಹೋಯಿತು, ಬಿಡಿ. ಆಗ ವಾರಕ್ಕೆ ನಾಲ್ಕೈದು ಜೋಡಿ ಕಣ್ಣು, ಈಗ ತಿಂಗಳಿಗೊಂದು ಬಂದರೆ ಹೆಚ್ಚು.

ನೆಗೆಟಿವ್‌ನಲ್ಲಿ ಎಲ್ಲವೂ ತಿರುವುಮುರುವು. ಬಿಳಿಗುಡ್ಡೆಗೆ ಪೆನ್ಸಿಲ್ಲಿನಿಂದ ಕಪ್ಪು ತುಂಬಬೇಕು, ಕರಿಗುಡ್ಡೆಯನ್ನು ಬ್ಲೇಡಿನ ಮೊನೆಯಿಂದ ಕೆರೆದು ತೆಗೆಯಬೇಕು. ಕೆರೆದದ್ದನ್ನು ಮತ್ತೆ ತುಂಬಲಾಗದು. ಕೆರೆಯುವಾಗ ಅವರು ಸತ್ತವರನ್ನು ಹೆಸರು ಹಿಡಿದು ಮೆಲ್ಲಗೆ ಕರೆಯುತ್ತಾರೆ. "ಕೆಲವರು ಲಗೂನ ತೆರೀತಾರ್ರಿ. ಕೆಲವರು ಒಲ್ಲೆ ಅಂತಾರ. ಅಂಥವರ ಮುಂದ ಭಾಳೊತ್ತು ಕುಂಡ್ರಬೇಕಾಗತೈತಿ" ಎನ್ನುವಾಗ ಅವರ ಮುಖದಲ್ಲಿ ನಗುವಿಲ್ಲ.

ಈಗ ಫಿಲ್ಮಿಗೇ ಸಂಚಕಾರ ಬಂದಿದೆ. ಅವರ ಪೆನ್ಸಿಲ್ಲಿಗೆ ಒಗ್ಗುತ್ತಿದ್ದ ಫಿಲ್ಮನ್ನು ಕಾರ್ಖಾನೆ ನಿಲ್ಲಿಸಿದೆ. ಮತ್ತೆ ತಯಾರಿ ಶುರುವಾಗುತ್ತದೆ ಎಂದು ಸೊಲ್ಲಾಪುರದ ಅಂಗಡಿಯವನು ಒಮ್ಮೆ ಹೇಳುತ್ತಾನೆ, ಮುಂದಿನ ಸಲ ಫೋನ್ ಎತ್ತುವುದೇ ಇಲ್ಲ. ಬೇರೆ ದೇಶದ ಫಿಲ್ಮ್ ತರಿಸಿದರೆ ಪೆನ್ಸಿಲ್ ಜಾರುತ್ತದೆ. ಫ್ರಿಜ್ಜಿನಲ್ಲಿ ಕರಿಬೇವಿನ ಪಕ್ಕ ಅವಧಿ ಮುಗಿದ ಎರಡು ರೋಲು ಉಳಿದಿದ್ದವು. ಅದರಲ್ಲೊಂದನ್ನು ಒಡೆದದ್ದು ತಮ್ಮದೇ ಒಂದು ತಪ್ಪನ್ನು ತಿದ್ದಲು.

ತಪ್ಪು ಹೊನವಾಡ ಹಳ್ಳಿಯ ಒಂದು ಫೋಟೊದ್ದು. ಕಣ್ಣು ಬರೆಯುವಾಗ ಸತ್ತವರ ರಕ್ತಸಂಬಂಧಿ ಒಬ್ಬರು ಎದುರು ಕೂರಬೇಕು, ಅವರ ಕಣ್ಣು ನೋಡಿಯೇ ಬರೆಯಬೇಕು, ಅತ್ತು ಊದಿದ ಕಣ್ಣು ಇರಬಾರದು ಎಂಬುದು ಮಕ್ತುಮಬಿಯ ಕಟ್ಟಳೆ. ಹದಿನೆಂಟು ವರ್ಷದ ಹಿಂದೆ ಅಲ್ಲಿನ ಬಸಗೊಂಡಪ್ಪ ತೀರಿಕೊಂಡಾಗ ಮನೆಯಲ್ಲಿ ಅಳದೇ ಇದ್ದವನು ತಮ್ಮ ಶಿವಲಿಂಗ ಒಬ್ಬನೇ. ಅವನನ್ನೇ ಕೂರಿಸಿ ಬರೆದರು. ವರ್ಷದೊಳಗೆ ಶಿವಲಿಂಗ ದ್ರಾಕ್ಷಿ ತೋಟ ಪಾಲು ಮಾಡಿಸಿಕೊಂಡು ಅತ್ತಿಗೆ ಗುರುಬಸವ್ವನ ಜೊತೆ ಮಾತು ಬಿಟ್ಟ. ಜಗುಲಿಯ ಮೇಲಿನ ಗಂಡನ ಫೋಟೊದಿಂದ ಮಾತ್ರ ಅವನ ಕಣ್ಣು ಆಕೆಯನ್ನು ನೋಡುತ್ತಲೇ ಇತ್ತು. ಆಕೆ ಸೆರಗು ಎಳೆದುಕೊಂಡು ದೀಪ ಹಚ್ಚುತ್ತಿದ್ದಳು. ಕೊನೆಗೆ ಫೋಟೊವನ್ನೇ ಗೋಡೆಗೆ ಮುಖ ಮಾಡಿ ತಿರುಗಿಸಿದಳು. ಪೇಟೆಯ ಒಂದು ಸ್ಟುಡಿಯೋದಲ್ಲಿ ಕಂಪ್ಯೂಟರಿನಿಂದಲೂ ಮಾಡಿಸಿ ನೋಡಿದಳು. "ಕಣ್ಣ ತೆರೆದಾವ್ರಿ, ಆದರ ಯಾರನ್ನೂ ನೋಡವಲ್ವು" ಎಂದು ಹೋದ ತಿಂಗಳು ಬಂದು ಕೂತಳು.

ಹಳೇ ನೆಗೆಟಿವ್ ಕೆರೆದು ಮುಗಿದಿತ್ತು, ಆದರೆ ಪೆಟ್ಟಿಗೆಯ ತಳದಲ್ಲಿ ಕಣ್ಣು ಮುಚ್ಚಿದ ಮೊದಲ ಪ್ರಿಂಟು ಸಿಕ್ಕಿತು. ಮಕ್ತುಮಬಿಯ ಅಣ್ಣನ ಮಗ ಮುನಾಫ ಅದರ ಫೋಟೊವನ್ನು ಹಳೇ ಫಿಲ್ಮಿನಲ್ಲಿ ಹನ್ನೆರಡು ಸಲ ತೆಗೆದ. ಹನ್ನೊಂದು ಮಸುಕಾದವು, ಒಂದು ಉಳಿಯಿತು. ಇವತ್ತು ಕಿಟಕಿಯ ಮೇಲಿರುವುದು ಆ ಒಂದೇ. ಬ್ಲೇಡು ಕೂದಲೆಳೆಯಷ್ಟು ತಪ್ಪಿದರೂ ಈ ರೋಲಿನಲ್ಲಿ ಬಸಗೊಂಡಪ್ಪನಿಗೆ ಇನ್ನೊಮ್ಮೆ ಕಣ್ಣಿಲ್ಲ.

ಬಿಳಿಗುಡ್ಡೆ ಮುಗಿಯುವ ಹೊತ್ತಿಗೆ ಹೊನವಾಡದ ಬಸ್ಸಿಗೆ ಗುರುಬಸವ್ವ ಬರುತ್ತಾಳೆ, ಜೊತೆಗೆ ಮಗಳು ನಂದಾ. ಅಪ್ಪ ಹೋದಾಗ ನಂದಾ ತೊಟ್ಟಿಲಲ್ಲಿದ್ದಳು. ಈಗ ಅವಳೇ ಎದುರು ಕೂರುವವಳು. ಕೂತು ಎರಡು ನಿಮಿಷವಾಗಿಲ್ಲ, ಅಪ್ಪನ ಕಣ್ಣು ತಾನು ನೋಡಿಯೇ ಇಲ್ಲ ಎಂದು ಅವಳಿಗೆ ಅಳು ಬರುತ್ತದೆ. ಮಕ್ತುಮಬಿ ಬ್ಲೇಡು ಕೆಳಗಿಡುತ್ತಾರೆ. ನಲವತ್ತು ವರ್ಷದ ಕಟ್ಟಳೆ ಅವರನ್ನು ತಡೆಯುತ್ತದೆ. ಆಮೇಲೆ ಮತ್ತೆ ಎತ್ತಿಕೊಳ್ಳುತ್ತಾರೆ.

"ಅಳವ್ವ, ಒರಸ್ಕೋಬ್ಯಾಡ. ಹಂಗ ನನ್ನ ಕಡಿ ನೋಡು."

ಬಸಗೊಂಡಪ್ಪಾ, ಬಸಗೊಂಡಪ್ಪಾ ಎಂದು ಕರೆಯುತ್ತ ಅವರು ಕೆರೆಯುತ್ತಾರೆ.

ಮಧ್ಯಾಹ್ನ ಕತ್ತಲೆ ಕೋಣೆಯ ಕೆಂಪು ದೀಪದಡಿ ಮುನಾಫ ಫೋಟೊ ಕಾಗದವನ್ನು ತಟ್ಟೆಯ ರಾಸಾಯನಿಕ ನೀರಿಗೆ ಬಿಡುತ್ತಾನೆ. ಮೊದಲು ಹಾರ ಮೂಡುತ್ತದೆ, ಆಮೇಲೆ ಮೀಸೆ, ಕೊನೆಗೆ ಕಣ್ಣು. ಒದ್ದೆಯಾಗಿ, ನೆಟ್ಟಗೆ ಮೇಲೆ ನೋಡುತ್ತಿವೆ. ಮುನಾಫ ತನಗರಿಯದೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಗುರುಬಸವ್ವ ಸರಿಯುವುದಿಲ್ಲ, ಸೆರಗೂ ಎಳೆದುಕೊಳ್ಳುವುದಿಲ್ಲ. ತಟ್ಟೆಯ ಮೇಲೆ ಬಗ್ಗಿ, ಈಗಷ್ಟೇ ಹೊಲದಿಂದ ಬಂದವರಿಗೆ ಹೇಳುವಂತೆ, "ನಿಮ್ಮ ಮಗಳು ನೋಡ್ರಿ, ಎಷ್ಟ ದೊಡ್ಡಾಕಿ ಆಗ್ಯಾಳ" ಎನ್ನುತ್ತಾಳೆ.

ಮಕ್ತುಮಬಿ ಆ ಹೊತ್ತಿಗೆ ಹೊರಗೆ ಬಂದು ಕೈ ತೊಳೆಯುತ್ತಿದ್ದಾರೆ. ಇನ್ನುಳಿದದ್ದು ಒಂದೇ ರೋಲು, ಅದರಲ್ಲಿ ಎಷ್ಟು ಫೋಟೊ ಚೊಕ್ಕ ಬರುತ್ತವೋ ಯಾರಿಗೂ ಗೊತ್ತಿಲ್ಲ. ಅದನ್ನು ಯಾರಿಗೆ ಇಟ್ಟಿದ್ದೀರಿ ಎಂದು ಕೇಳಿದರೆ, ಬಂದವರಿಗೆ ಇಲ್ಲ ಅನ್ನುವುದಿಲ್ಲ, ಆದರೆ ಅದರ ಮೊದಲ ಫೋಟೊ ತನಗೆ ಬೇಕು ಎನ್ನುತ್ತಾರೆ.

"ನಾಳೆ ಮುಂಜಾನೆ ನಂದೊಂದು ತಗಿ ಅಂತ ಮುನಾಫಗ ಹೇಳೇನ್ರಿ, ನಾ ಕಣ್ಣ ತೆರೆದಿರೂ ಹೊತ್ತಿನ್ಯಾಗ. ಆಮ್ಯಾಲ ನನ್ನ ಕಣ್ಣ ತೆರ್ಯಾಕ ಯಾರದಾರ?"