ಕುಂಕುಮ ಹತ್ತಿದ ಮೀಥೇನ್

ನಮ್ಮ ಸುರಪುರದ ಕಾಲೇಜಿನ ಪ್ರಯೋಗಶಾಲೆಯ ಕಪಾಟಿನಲ್ಲಿ ಅಣುಗಳ ಮಾದರಿ ಜೋಡಿಸುವ ಡಬ್ಬಿಯೊಂದಿತ್ತು. ತೂತಿರುವ ಬಣ್ಣಬಣ್ಣದ ಗುಂಡುಗಳು, ಚುಚ್ಚಲು ಕಡ್ಡಿಗಳು. ನಾನು ರಸಾಯನಶಾಸ್ತ್ರ ಕಲಿಸಲು ಬಂದಾಗಿನಿಂದ ಅದರ ಪ್ಲಾಸ್ಟಿಕ್ ಹೊದಿಕೆ ಹರಿದಿರಲಿಲ್ಲ. ಕೀಲಿ ಪ್ರಾಚಾರ್ಯರ ಹತ್ತಿರ. ವರ್ಷಕ್ಕೊಮ್ಮೆ ಡಬ್ಬಿ ಆಯುಧ ಪೂಜೆಗೆ ಕೆಳಗಿಳಿದು, ವಿಭೂತಿ ಕುಂಕುಮ ಹಚ್ಚಿಸಿಕೊಂಡು ಮತ್ತೆ ಮೇಲೇರುತ್ತಿತ್ತು.

ನಾನು ಬೋರ್ಡಿನ ಮೇಲೆ ಮೀಥೇನ್ ಬರೆಯುತ್ತಿದ್ದೆ. ನಡುವೆ ಕಾರ್ಬನ್, ನಾಲ್ಕು ಕಡೆ ಹೈಡ್ರೋಜನ್. ಬಂಧಗಳ ನಡುವಿನ ಕೋನ ನೂರಾ ಒಂಬತ್ತೂವರೆ ಡಿಗ್ರಿ ಅಂದೆ. ಕಕ್ಕೇರಾದಿಂದ ಬಸ್ಸಿಗೆ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು.

"ಮೇಡಂ, ನೀವು ಬರ್ದಿದ್ದು ತೊಂಬತ್ತು ಕಾಣತೈತ್ರಿ."

ಎಲ್ಲರೂ ನಕ್ಕರು. ಮರುದಿನ ರೊಟ್ಟಿಗೆ ನಾದಿದ ಜೋಳದ ಹಿಟ್ಟಿನ ಉಂಡೆಗಳಿಗೆ ಕಸಬರಿಗೆ ಕಡ್ಡಿ ಚುಚ್ಚಿ ಮಾದರಿ ಮಾಡಿ ಒಯ್ದೆ. ಪಾಠದ ಹೊತ್ತಿಗೆ ಒಣಗಿ, ಬಿರಿದು, ಉದುರಿಹೋಯಿತು.

"ಇದು ನನ್ನ ತಲಿಗಿ ಹತ್ತಂಗಿಲ್ರಿ," ಅಂದಳು ಆ ಹುಡುಗಿ. "ಹಬ್ಬ ಮುಗದ ಮ್ಯಾಲ ಅಪ್ಪ ಬರ್ತಾನ, ಕಾಲೇಜಿಂದ ನನ್ನ ಹೆಸರು ತಗಸಾಕ."

ನೆಟ್ಟಗೆ ಪ್ರಾಚಾರ್ಯರ ಕೋಣೆಗೆ ಹೋಗಿ ಕೀಲಿ ಕೇಳಿದೆ.

"ಒಂದ್ ಗುಂಡು ಕಳದ್ರ ಯಾರ್ರೀ ಜವಾಬ್ದಾರಿ? ತಪಾಸಣಿಗಿ ಬಂದವ್ರಿಗಿ ಏನ್ ತೋರಸ್ಲಿ?"

"ಕಲ್ತ ಹುಡುಗ್ಯಾರ್ನ ತೋರಸ್ರಿ, ಸರ್."

ಅವರು ನಕ್ಕರು. "ಕೋನ ಬಾಯಿಪಾಠ ಇದ್ರ ಪಾಸಾಗ್ತಾರ. ಮುಟ್ಟಿ ನೋಡಿ ಏನ್ ಮಾಡ್ತಾರ?"

ಕೀಲಿ ಸಿಗದೆ ಸಿಟ್ಟಿನಿಂದ ಹೊರಬಂದೆ.

ಪೂಜೆಯ ದಿನ ಮಂಗಳಾರತಿ ಮುಗಿಯುತ್ತಲೇ ಡಬ್ಬಿ ಎತ್ತಿಕೊಂಡು, ಎಲ್ಲರೆದುರು ಹೊದಿಕೆ ಪರ್ರೆಂದು ಹರಿದೆ.

"ಮೇಡಂ! ಪೂಜಿ ಮಾಡಿದ್ದದು!"

"ಪೂಜಿ ಮುಗೀತಲ್ರಿ, ಸರ್. ಇನ್ನ ಪ್ರಸಾದ ಹಂಚೂನು."

ಗುಂಡುಗಳನ್ನು ಆ ಹುಡುಗಿಯ ಮುಂದೆ ಸುರಿದೆ. ಎಂದೂ ಕಡ್ಡಿ ಕಾಣದ ತೂತುಗಳು ಬಿಗಿಯಾಗಿದ್ದವು. ಒತ್ತಿ ಒತ್ತಿ ಅವಳ ಹೆಬ್ಬೆರಳು ಕೆಂಪಾಯಿತು. ಕೈಯ ಕುಂಕುಮ ಬಿಳಿ ಹೈಡ್ರೋಜನ್‌ಗಳಿಗೂ ಹತ್ತಿತು. ಜೋಡಿಸಿ ಮೇಜಿನ ಮೇಲಿಟ್ಟಳು. ಹೊರಳಿಸಿ ಇಟ್ಟಳು. ಇನ್ನೊಮ್ಮೆ ಹೊರಳಿಸಿದಳು.

"ಹೆಂಗ ಇಟ್ರೂ ಮೂರು ಕಾಲ ಮ್ಯಾಲ ನಿಂದರತೈತ್ರಿ, ಒಂದು ಮ್ಯಾಲ! ಬೋರ್ಡಿನಂಗ ಚಪ್ಪಟಿ ಇಲ್ರಿ ಇದು. ಮೊದ್ಲ ಯಾಕ ಕೊಡ್ಲಿಲ್ರಿ?"

ಪ್ರಾಚಾರ್ಯರು ಆರತಿ ತಟ್ಟೆಯ ಬತ್ತಿ ಸರಿಮಾಡತೊಡಗಿದರು.

ಹಬ್ಬದ ನಂತರ ಅವಳ ಅಪ್ಪ ಬಂದಾಗ ಅವಳು ತರಗತಿಯಿಂದ ಹೊರಗೇ ಬರಲಿಲ್ಲ. "ಹೆಸರು ತಗಸಾಕ ವಲ್ಲೆ ಅಂತಾಳ್ರಿ," ಎಂದು ಆತ ನಗುತ್ತ ಬಸ್‌ಸ್ಟ್ಯಾಂಡಿಗೆ ಹೊರಟ. ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ. ಅವಳಿಗಿಂತ ಮೊದಲು ಎಷ್ಟೋ ಹುಡುಗಿಯರು ಹೆಸರು ತೆಗೆಸಿಕೊಂಡು ಹೋಗಿದ್ದಾರೆ. ಅವರು ಹೋಗುವಾಗಲೂ ಡಬ್ಬಿ ಅಲ್ಲೇ, ಕಪಾಟಿನಲ್ಲೇ ಇತ್ತು.