ಬರೀ ತಾಟಿನ ಮುಂದೆ ಸ್ತೋತ್ರ

ಅವ್ವ ಬರೀ ತಾಟುಗಳನ್ನು ಸಾಲಾಗಿ ಇಟ್ಟು ನಮ್ಮನ್ನು ಊಟಕ್ಕೆ ಕರೆದ ಮಧ್ಯಾಹ್ನ ನೆನಪಾದರೆ ಈಗಲೂ ನನ್ನ ಎದೆ ಧಸಕ್ಕೆನ್ನುತ್ತದೆ. ಹಸಿವೆಯಿಂದಲ್ಲ. ಆ ಬರಗಾಲದಲ್ಲಿ ಹಸಿವೆ ಹೊಸದೇನಾಗಿರಲಿಲ್ಲ. ನಾನು ಬೆಚ್ಚಿದ್ದು ಅವ್ವ ಅಂಥ ಕೆಲಸ ಮಾಡಬಲ್ಲಳು ಎಂಬುದಕ್ಕೆ.

ಅಪ್ಪ ಔರಾದದ ಒಂದು ಸಣ್ಣ ಪ್ರಾರ್ಥನಾ ಮಂದಿರದ ಬೋಧಕ. ಸಂಬಳ ಎಂದು ಹೇಳಿಕೊಳ್ಳುವಂಥದ್ದು ಇರಲಿಲ್ಲ. ಸಭೆಯ ಹೆಣ್ಣುಮಕ್ಕಳು ದಿನಾ ರೊಟ್ಟಿಗೆ ಹಿಟ್ಟು ತೆಗೆಯುವಾಗ ಒಂದು ಹಿಡಿ ದೇವರಿಗೆಂದು ಬೇರೆ ಗಡಿಗೆಗೆ ಹಾಕಿಟ್ಟು, ಭಾನುವಾರ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ಆ ಹಿಡಿಹಿಟ್ಟೇ ನಮ್ಮ ರೊಟ್ಟಿ. ಹತ್ತು ಮನೆಯ ಹಿಟ್ಟು ಕೂಡಿದ್ದರಿಂದ ನಮ್ಮ ಮನೆಯ ರೊಟ್ಟಿಗೆ ಒಂದು ಬಣ್ಣ ಅಂತ ಇರಲಿಲ್ಲ. ಅವ್ವ ಹಿಟ್ಟು ನಾದುವಾಗ ಒಂದು ಚಿಟಿಕೆ ನಾಲಿಗೆಗೆ ಹಚ್ಚಿಕೊಂಡು, ಯಾರು ಹುಳ ಹತ್ತಿದ ಜೋಳ ದೇವರ ಪಾಲಿಗೆ ಬೀಸಿಸಿದ್ದಾರೆ ಎಂದು ಕಂಡುಹಿಡಿದು ನಗುತ್ತಿದ್ದಳು.

ಊಟಕ್ಕೆ ಮುಂಚೆ ಅಪ್ಪ ಸ್ತೋತ್ರ ಹೇಳಬೇಕು. ಅದಕ್ಕೊಂದು ಕಟ್ಟಳೆಯನ್ನು ಅಪ್ಪನೇ ಮಾಡಿಟ್ಟಿದ್ದ. ಸ್ತೋತ್ರ ನಡೆಯುವಾಗ ಹೊಸ್ತಿಲೊಳಗೆ ಯಾರಿದ್ದರೂ ಅವರು ಉಂಡೇ ಹೋಗಬೇಕು. ಅಪ್ಪನ ಸ್ತೋತ್ರವೋ ಬಲು ಉದ್ದ. ರೋಗಿಗಳು, ವಿಧವೆಯರು, ಸರಕಾರ ನಡೆಸುವವರು, ಬೀದರಿನ ಬಸ್ಸು ಓಡಿಸುವವರು, ಎಲ್ಲರ ಯೋಗಕ್ಷೇಮ ವಿಚಾರಿಸಿಕೊಂಡು ಅದು ರೊಟ್ಟಿಯ ಹತ್ತಿರ ಬರುವಷ್ಟರಲ್ಲಿ, ಓಣಿಯ ಆ ತುದಿಯಿಂದ ಹೊರಟವರೂ ಬಂದು ನಮ್ಮ ಪಕ್ಕದಲ್ಲಿ ಚಕ್ಕಳಬಕ್ಕಳ ಹಾಕಿಕೊಂಡು ಕೂತಿರುತ್ತಿದ್ದರು. ಅಪ್ಪನ ದನಿಯೂ ದೊಡ್ಡದು. ಆ ಪ್ರಾರ್ಥನೆ ಸ್ವಲ್ಪ ಗಿಡ್ಡ ಇದ್ದಿದ್ದರೆ ನಾವು ಅಷ್ಟೊಂದು ಬಡವರಾಗುತ್ತಿರಲಿಲ್ಲ ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಮಳೆ ಮತ್ತೆ ಕೈಕೊಟ್ಟಿತು. ಜನ ಗುಳೆ ಹೊರಟರು. ಹೈದರಾಬಾದಿಗೆ ಕೆಲವರು, ಪುಣೆಗೆ ಕೆಲವರು, ಉಳಿದವರು ಮುಂಬೈಗೆ. ಭಾನುವಾರ ಮಂದಿರದಲ್ಲಿ ಹಾಡಲು ನಾವು ಮನೆಯವರೇ ಉಳಿದೆವು. ಹಿಡಿಹಿಟ್ಟು ನಿಂತುಹೋಯಿತು. ಅವ್ವ ಭಾಲ್ಕಿ ಕಡೆಯ ಹಲಬರ್ಗಾದ ತನ್ನ ತವರಿಗೆ ಹೋಗಿ, ಅಣ್ಣಂದಿರ ಮುಂದೆ ಬಾಯಿ ಬಿಟ್ಟು ಕೇಳಿ, ಒಂದು ಚೀಲ ಜೋಳ ತಂದಳು. ಅದೂ ಬೇಗ ಮುಗಿಯತೊಡಗಿತು. ಯಾಕೆಂದರೆ ಊರಲ್ಲಿ ಉಳಿದ ಮುದುಕರು ಮುದುಕಿಯರೆಲ್ಲ ಅಪ್ಪನ ದನಿಗೆ ಕಿವಿಗೊಟ್ಟೇ ಕೂತಿರುತ್ತಿದ್ದರು.

ಬೀದರಿಗೆ ಹೋಗಿ ಏನಾದರೂ ಕೆಲಸ ಹಿಡಿಯೋಣ ಎಂದು ಅವ್ವ ಕೇಳಿಕೊಂಡಳು. ಕುರಿ ಕಾಯುವವನು ಹಟ್ಟಿ ಬಿಟ್ಟು ಹೋಗಬಾರದು ಎಂದ ಅಪ್ಪ.

"ಕುರಿ ಎಲ್ಲಾ ಊರು ಬಿಟ್ಟಾವ," ಅಂದಳು ಅವ್ವ. "ನೀವೊಬ್ಬರು ಇಲ್ಲಿ ಕೂತು ಏನು ಕಾಯ್ತೀರಿ?"

ದೇವರು ಕೊಡುತ್ತಾನೆ ಎಂದ ಅಪ್ಪ. ಕೊಡುವುದು ಖರೆ, ಆದರೆ ಅದು ಮಕ್ಕಳ ಬಾಯಿಗೆ ಬರುವ ಮೊದಲೇ ನೀವು ಹಂಚಿಬಿಡುತ್ತೀರಿ ಎಂದಳು ಅವ್ವ. ನನ್ನ ತಮ್ಮ ಆಗ ತೀರ ಸಣ್ಣವನು. ಅವನ ಕೈಕಾಲು ಕಡ್ಡಿಯಾಗಿದ್ದವು. ಅವ್ವ ರಾತ್ರಿ ಅವನ ಪಕ್ಕೆಲುಬಿನ ಮೇಲೆ ಕೈಯಾಡಿಸುವುದನ್ನು ನಾನು ನೋಡಿದ್ದೆ.

ಪಕ್ಕದ ಮನೆಯಲ್ಲಿ ನಾವೆಲ್ಲ ಆಯಿ ಎನ್ನುತ್ತಿದ್ದ ಒಬ್ಬ ಮುದುಕಿ ಮತ್ತು ಅವಳ ಗಂಡ ಇದ್ದರು. ಬೌದ್ಧರು. ಆಯಿಗೆ ಅಪ್ಪನ ದೇವರಲ್ಲಿ ನಂಬಿಕೆ ಇರಲಿಲ್ಲ, ಆದರೆ ಅಪ್ಪನ ಮೇಲೆ ಬಹಳ ಮಮತೆ. ಅವರೂ ಮುಂಬೈಗೆ ಹೊರಟರು. ಅಲ್ಲಿ ಕಟ್ಟಡದ ಕೆಲಸ ಸಿಗುವತನಕ ಕಟ್ಟಿಕೊಂಡು ಹೋದ ಬುತ್ತಿಯೇ ಗತಿ ಎಂದು ಹೋಗಿಬಂದವರು ಹೇಳಿದ್ದರು. ಆಯಿ ತನ್ನ ತಾಮ್ರದ ಕೊಡ ಕೊಟ್ಟು ಜೋಳ ತಂದು, ಬಹಳ ದಿನ ಕೆಡದ ಕಟಕ ರೊಟ್ಟಿ ಸುಟ್ಟು, ಶೇಂಗಾ, ಖಾರ ಕೂಡಿಸಿ ಹಿಂಡಿ ಕುಟ್ಟಿ, ದೊಡ್ಡ ಗಂಟು ಕಟ್ಟಿಕೊಂಡಿದ್ದಳು. ಹೊರಡುವ ದಿನ ಇಬ್ಬರೂ ಹೇಳಿಹೋಗಲು ನಮ್ಮ ಮನೆಗೆ ಬಂದರು.

ಅವ್ವ ಅವರನ್ನು ಉಂಡು ಹೋಗಿ ಎಂದಳು. ನನಗೆ ಸೋಜಿಗವಾಯಿತು. ಬೆಳಿಗ್ಗೆಯೇ ಅವಳು ಹಿಟ್ಟಿನ ಡಬ್ಬಿ ಬೋರಲು ಹಾಕಿ ತಳ ಬಡಿದದ್ದನ್ನು ನೋಡಿದ್ದೆ. ಒಲೆ ಹೊತ್ತಿರಲಿಲ್ಲ. ಆದರೂ ಅವಳು ಎಲ್ಲರ ಮುಂದೆ ತಾಟು ಇಟ್ಟಳು, ಲೋಟದಲ್ಲಿ ನೀರು ಇಟ್ಟಳು, ಅಪ್ಪನನ್ನು ಕರೆದಳು. ಅಪ್ಪ ಯಾವಾಗಿನಂತೆ ಕೂಡುತ್ತಲೇ ಕಣ್ಣು ಮುಚ್ಚಿದ.

ಅಂದಿನ ಸ್ತೋತ್ರ ಎಲ್ಲಕ್ಕಿಂತ ಉದ್ದವಾಗಿತ್ತು. ಪ್ರಯಾಣದವರ ಸಲುವಾಗಿ ರೈಲಿನ ಹಳಿಗಳನ್ನೂ ಕಾಪಾಡೆಂದು ಬೇಡಿಕೊಂಡ. ನಾನು ಅವ್ವನ ಮುಖ ನೋಡುತ್ತ ಕೂತೆ. ಅದು ಕಲ್ಲಾಗಿತ್ತು. ಕೊನೆಗೆ ಅಪ್ಪ, ನಮ್ಮ ಮುಂದಿಟ್ಟ ಈ ಆಹಾರಕ್ಕಾಗಿ ವಂದನೆ, ಆಮೆನ್ ಎಂದು ತಾಟಿಗೆ ಕೈ ಹಾಕಿದ. ಉಗುರು ತಗಲಿ ತಾಟು ಟಣ್ ಎಂದಿತು.

"ಊಟ ಎಲ್ಲಿ ಅದ?" ಎಂದ.

"ನೀವೇ ಹೇಳ್ರಿ," ಅಂದಳು ಅವ್ವ. "ಈಗಷ್ಟೇ ಅದಕ್ಕ ಸ್ತೋತ್ರ ಹೇಳಿದ್ರಲ್ಲ."

 ಬೋಧಕನ ಹೆಂಡತಿ, ನೆರೆಯವರ ಎದುರಿಗೆ, ಪ್ರಾರ್ಥನೆಯನ್ನೇ ಹಿಡಿದು ಗಂಡನ ಮುಖಕ್ಕೆ ಹೊಡೆದಿದ್ದಳು. ಸಿಡಿಲು ಬೀಳುತ್ತದೆ ಎಂದುಕೊಂಡೆ. ಆಮೇಲೆ ಭಾನುವಾರದ ಪಾಠದಲ್ಲಿ ಕೇಳಿದ ಪವಾಡಗಳು ನೆನಪಾಗಿ, ಯಾರಾದರೂ ಬುಟ್ಟಿ ತುಂಬ ರೊಟ್ಟಿ ಹೊತ್ತು ತಂದೇ ತರುತ್ತಾರೆ ಎಂದು ಬಾಗಿಲ ಕಡೆ ಕಣ್ಣು ನೆಟ್ಟೆ. ಓಣಿಯ ನಾಯಿ ಬಂದು ಇಣುಕಿತು. ತಾಟುಗಳನ್ನು ನೋಡಿ ಅದೂ ಹೋಯಿತು.

ಮೊದಲು ನಕ್ಕವಳು ಆಯಿ. ನಗುತ್ತಲೇ ಗಂಟು ಬಿಚ್ಚಿದಳು. ತಮ್ಮನ ತಾಟಿನಿಂದ ಶುರುಮಾಡಿ ಎಲ್ಲರಿಗೂ ರೊಟ್ಟಿ ಇಟ್ಟಳು, ಹಿಂಡಿ ಇಟ್ಟಳು.  ಅವ್ವ ಎಣಿಸಿದ್ದು ಇದಲ್ಲ. ಅವಳು ಆಯಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಬಿಡು ನನ್ನವ್ವ," ಅಂದಳು ಆಯಿ. "ನಿಮ್ಮ ದೇವರ ಕಿವಿ ದೂರ ಅವ. ನನ್ನ ಕಿವಿ ಇಲ್ಲೇ ಅವಲ್ಲ."

ತಿಂದೆವು. ಬೇಡವೆನ್ನುವ ಶಕ್ತಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ತಮ್ಮ ಮತ್ತೆ ಮತ್ತೆ ಕೇಳಿದ, ಆಯಿ ಮತ್ತೆ ಮತ್ತೆ ಇಟ್ಟಳು. ಹಿಂಡಿ ಎಷ್ಟು ರುಚಿಯಾಗಿತ್ತೆಂದರೆ ನಾನು ಬೆರಳು ನೆಕ್ಕಿದೆ. ನಾವು ಏಳುವಾಗ ಆಯಿಯ ಗಂಟು ಬಡಕಲಾಗಿತ್ತು.

ಅವ್ವ ಕೈತೊಳೆದು ಬಂದು ಒಂದು ಸೀರೆ ಚೀಲಕ್ಕೆ ಹಾಕಿಕೊಂಡಳು. ಬೀದರಿನ ಕಾಳಿನ ಪೇಟೆಯಾದ ಗಾಂಧಿ ಗಂಜಿನಲ್ಲಿ ಹೆಂಗಸರಿಗೆ ಕಾಳು ಹಸನು ಮಾಡುವ ಕೆಲಸ ಸಿಗುತ್ತದೆಂದು ಅವಳು ಕೇಳಿದ್ದಳು.

"ಇವರ ಬುತ್ತಿ ತಿಂದೇವಿ," ಅಂದಳು ಅಪ್ಪನಿಗೆ. "ಇನ್ನ ಕೂತು ತಿನ್ನೋದು ನನ್ನ ಕೈಲೆ ಆಗೂದಿಲ್ಲ. ನಾನು ಹೋಗ್ತೇನಿ. ಮಕ್ಕಳಿಗಿ ನೋಡ್ಕೋರಿ."

 ಅವ್ವ ಆ ಇಬ್ಬರ ಜೊತೆ ಬೀದರಿನ ಬಸ್ಸು ಹತ್ತಿದಳು. ಬಸ್ಸು ಎಬ್ಬಿಸಿದ ಧೂಳಿನಲ್ಲಿ ನಾನು ತಮ್ಮನ ಕೈ ಹಿಡಿದು ನಿಂತೆ. ಇದು ನಿಜವಾಗಿ ನಡೆಯಿತು ಎಂದು ಒಪ್ಪಿಕೊಳ್ಳಲು ನನಗೆ ಬಹಳ ಹೊತ್ತು ಹಿಡಿಯಿತು.

ಅಪ್ಪ ರೊಟ್ಟಿ ತಟ್ಟಲು ಕಲಿತ. ಕಲಿತ ಎಂದರೆ ಸುಳ್ಳಾಗುತ್ತದೆ, ತಟ್ಟಿದ ಅಷ್ಟೆ. ಅವ್ವ ಗಂಜಿನಿಂದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚೀಲ ಕಳಿಸುತ್ತಿದ್ದಳು. ಚೆಲ್ಲಿದ ಕಾಳು ಗುಡಿಸಿ ಕೊಟ್ಟದ್ದು, ಜೋಳ, ತೊಗರಿ, ಮಣ್ಣು ಎಲ್ಲ ಕೂಡಿದ್ದು. ಒಲೆಯ ಮೇಲೆ ರೊಟ್ಟಿ ಸೀಯುತ್ತದೆ ಎಂದು ಅಪ್ಪನ ಸ್ತೋತ್ರ ತಾನಾಗಿ ಗಿಡ್ಡವಾಯಿತು. ಆದರೂ ಯಾರಾದರೂ ಬಂದು ಕೂಡುತ್ತಿದ್ದರು. ತಾಟಿಗೆ ಬಿದ್ದದ್ದನ್ನು ನೋಡಿ, ಈಗಷ್ಟೇ ಉಂಡು ಬಂದೆ ಎಂದು ಎದ್ದುಬಿಡುತ್ತಿದ್ದರು. ಬರಗಾಲದಲ್ಲೂ ಅಪ್ಪನ ರೊಟ್ಟಿ ತಿನ್ನುವವರು ಸಿಗಲಿಲ್ಲ. ಅದನ್ನು ಹೇಳಿ ಹೇಳಿ ಅಪ್ಪನೇ ನಗುತ್ತಿದ್ದ.

ಸುದ್ದಿ ಬೀದರಿನ ಸಭೆಯ ಹಿರಿಯರಿಗೆ ಮುಟ್ಟಿತು. ಬೋಧಕನ ಹೆಂಡತಿ ಗಂಜಿನಲ್ಲಿ ಹಮಾಲರ ನಡುವೆ ಕೂತು ಕಾಳು ಕೇರುವುದು ಶೋಭೆಯಲ್ಲ ಎಂದು ಹೇಳಿಕಳಿಸಿದರು. ಅವಳನ್ನು ಮನೆಗೆ ಕರೆತರಬೇಕು, ಇಲ್ಲವಾದರೆ ಬೋಧಕನ ಕೆಲಸ ಬಿಡಬೇಕು. ಅಪ್ಪ ತನ್ನ ಕರಿ ಕೋಟು ಹಾಕಿಕೊಂಡು ನಮ್ಮಿಬ್ಬರನ್ನೂ ಕರೆದುಕೊಂಡು ಹೊರಟ. ಬಸ್ಸಿನಲ್ಲಿ ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಿದ್ದ. ಅವ್ವನಿಗೆ ಏನು ಹೇಳಬೇಕೆಂದು ಮೊದಲೇ ಅಂದುಕೊಳ್ಳುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು.

ಗಂಜಿನಲ್ಲಿ ಲಾರಿಗಳು, ಕೈಗಾಡಿಗಳು, ಬೆನ್ನ ಮೇಲೆ ಚೀಲ ಹೊತ್ತವರ ನೂಕುನುಗ್ಗಲು. ಒಂದು ದಲಾಲಿ ಅಡತಿ ಅಂಗಡಿಯ ಮುಂದೆ ಹೆಂಗಸರು ಸಾಲಾಗಿ ಕೂತು ಮೊರದಲ್ಲಿ ತೊಗರಿ ಕೇರುತ್ತಿದ್ದರು. ಅವರಲ್ಲಿ ಅವ್ವ ಯಾರೆಂದು ನನಗೆ ತಿಳಿಯಲಿಲ್ಲ. ಹೆತ್ತ ತಾಯಿಯ ಗುರುತು ಸಿಗಲಿಲ್ಲ. ರೆಪ್ಪೆಯ ಮೇಲೂ ಧೂಳು, ಕೆನ್ನೆ ಒಳಗೆ ಹೋಗಿದೆ, ಕುತ್ತಿಗೆಯ ಎಲುಬು ಎದ್ದಿದೆ. ಅವಳು ನಕ್ಕಾಗ ಗುರುತು ಹತ್ತಿತು. ತಮ್ಮ ಹೆದರಿ ನನ್ನ ಲಂಗದ ಹಿಂದೆ ಅಡಗಿದ.

ಅಪ್ಪ ಅವ್ವನನ್ನು ನೋಡುತ್ತಿರಲಿಲ್ಲ. ಅವಳ ಪಕ್ಕದಲ್ಲಿ ಕೂತು ಕಾಳು ಕೇರುತ್ತಿದ್ದ ಆಯಿಯನ್ನು ನೋಡುತ್ತಿದ್ದ.

"ಆಯಿ, ನೀವು ಮುಂಬೈಗಿ ಹೋಗಿಲ್ಲೇನ್ರಿ?"

"ಹ್ಯಾಂಗ ಹೋಗೋದ್ರಿ ಅಯ್ಯನೋರೆ?" ಅಂದಳು ಆಯಿ, ಮೊರ ಆಡಿಸುವುದನ್ನು ನಿಲ್ಲಿಸದೆ. "ಬುತ್ತಿ ಎಲ್ಲಿತ್ತು? ಇಲ್ಲೇ ಇಳದೇವ್ರಿ."

ಬೀದರಿನಲ್ಲಿ ಬಸ್ಸು ಇಳಿದಾಗ ಮುದುಕ ಗಂಟನ್ನು ಕೈಯಲ್ಲಿ ತೂಗಿ ನೋಡಿ, ಇಷ್ಟರಲ್ಲಿ ಮುಂಬೈಯಲ್ಲಿ ಕೆಲಸ ಸಿಗುವತನಕ ಜೀವ ಉಳಿಯುವುದಿಲ್ಲ ಎಂದನಂತೆ. ಈಗ ಅವನು ಆ ವಯಸ್ಸಿನಲ್ಲಿ ಕೈಗಾಡಿ ತಳ್ಳುತ್ತಿದ್ದ. ಇದನ್ನು ಊರಿಗೆ ತಿಳಿಸಬೇಡ ಎಂದು ಆಯಿಯೇ ಅವ್ವನಿಂದ ಮಾತು ತೆಗೆದುಕೊಂಡಿದ್ದಳು. ಅಯ್ಯನೋರಿಗೆ ಗೊತ್ತಾದರೆ ಅದಕ್ಕೂ ಒಂದು ಉದ್ದ ಪ್ರಾರ್ಥನೆ ಮಾಡಿ ಇನ್ನಷ್ಟು ಜನಕ್ಕೆ ಊಟ ಹಾಕುತ್ತಾರೆ ಎಂದು ಹೇಳಿ ಸಾಲಿನ ಹೆಂಗಸರನ್ನೆಲ್ಲ ನಗಿಸಿದಳು. ನನಗೆ ನಗು ಬರಲಿಲ್ಲ. ನಾನು ಬೆರಳು ನೆಕ್ಕಿ ತಿಂದ ಆ ಹಿಂಡಿ ನೆನಪಾಯಿತು. ದೇವರು ಕೊಡುತ್ತಾನೆ ಎಂದು ನಾನು ಈಗಲೂ ನಂಬುತ್ತೇನೆ. ಆದರೆ ಯಾರ ಗಂಟು ಬಿಚ್ಚಿ ಕೊಡುತ್ತಾನೆ ಎಂದು ಕಣ್ಣಾರೆ ಕಂಡ ಮೇಲೆ ಆ ಮಾತು ನನ್ನ ಬಾಯಿಗೆ ಸಲೀಸಾಗಿ ಬರುವುದಿಲ್ಲ.

ಅವ್ವ ತಲೆ ಎತ್ತಿದಳು. ಕರೆದುಕೊಂಡು ಹೋಗಲು ಬಂದಿರೇನು ಎಂದು ಮೆಲ್ಲಗೆ ಕೇಳಿದಳು. ಏಳುವುದಕ್ಕೆ ಸಿದ್ಧವಾದವಳಂತೆ ಸೆರಗು ಝಾಡಿಸಿಕೊಂಡಳು.

ಅಪ್ಪ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟ. ಆಯಿಯ ಎದುರಿಗೆ ನೆಲದ ಮೇಲೆ ಕೂತು ಎರಡೂ ಕೈ ಚಾಚಿದ.

"ಆ ಮೊರ ನನಗ ಕೊಡ್ರಿ ಆಯಿ. ಹ್ಯಾಂಗ ಹಿಡೀಬೇಕು ತೋರಸ್ರಿ."

ಮೊದಲ ಸಲ ಕೇರಿದಾಗ ಅರ್ಧ ತೊಗರಿ ಅಪ್ಪನ ತೊಡೆಯ ಮೇಲೆ ಚೆಲ್ಲಿತು. ಅಲ್ಲಿಯತನಕ ಒಂದು ಹನಿ ಕಣ್ಣೀರು ಹಾಕದ ಅವ್ವ ಅದನ್ನು ನೋಡಿ ಗಂಜಿನ ನಡುವೆ ದನಿ ತೆಗೆದು ಅತ್ತಳು. ಹಮಾಲರು ಹೊರೆ ಹೊತ್ತುಕೊಂಡೇ ನಿಂತು ನೋಡಿದರು.

"ಅಳಬ್ಯಾಡ," ಅಂದಳು ಆಯಿ. "ತೊಗರಿ ತೊಯ್ತದ. ಸಾವಕಾರ್ರು ಬೈತಾರ."

ನಾವು ಆ ಸಂಜೆ ಔರಾದದ ಬಸ್ಸು ಹತ್ತಲಿಲ್ಲ.